ಲಕ್ವಾ ನಂತರ ಬಿಗಿಯುವ ಕಾಲು



ಲಕ್ವಾ ಹೊಡೆದ ಕೆಲವು ವಾರಗಳಲ್ಲಿ, ಜೋತುಬಿದ್ದಿದ್ದ ಕಾಲು ಹಲವರಿಗೆ ಬಿಗಿಯತೊಡಗುತ್ತದೆ. ಹಿಮ್ಮಡಿ ಊರುವುದಿಲ್ಲ, ಬೆರಳು ನೆಲಕ್ಕೆ ಎಡವುತ್ತವೆ. ದೋಷ ಕಾಲಿನದಲ್ಲ; ಸ್ನಾಯುವಿನ ಬಿಗಿಯನ್ನು ತಡೆದಿಡುವ ಮಿದುಳಿನ ಹಿಡಿತ ತಪ್ಪಿರುತ್ತದೆ. ಎಣ್ಣೆ ಹಚ್ಚಿ ರಭಸದಿಂದ ಜಗ್ಗಬೇಡಿರಿ, ಇನ್ನೂ ಬಿಗಿಯುತ್ತದೆ. ದಿನವೂ ಪಾದವನ್ನು ನಿಧಾನವಾಗಿ ಮೇಲಕ್ಕೆ ಬಾಗಿಸಿ ಹಿಡಿಯಿರಿ.

ಬ್ಯಾಕ್ಲೋಫೆನ್ ಗುಳಿಗೆ ಬಿಗಿತ ತಗ್ಗಿಸುತ್ತದೆ. ತೂಕಡಿಕೆ, ನಿಶ್ಶಕ್ತಿಯನ್ನೂ ತರಬಹುದು. ಅದನ್ನು ವೈದ್ಯರಿಗೆ ಕೇಳದೆ ಒಮ್ಮೆಲೇ ಬಿಡಬಾರದು. ಮೀನಖಂಡಕ್ಕೆ ಕೊಡುವ ಬೊಟುಲಿನಮ್ ಇಂಜೆಕ್ಷನ್ ಸುಮಾರು 3 ತಿಂಗಳು ಕೆಲಸ ಮಾಡುತ್ತದೆ. ತುಟ್ಟಿ ಔಷಧ! ಆ ದಿನಗಳಲ್ಲಿ ನಡಿಗೆಯ ಅಭ್ಯಾಸ ಮಾಡದಿದ್ದರೆ ಹಣ ನೀರಿಗೆ ಹಾಕಿದಂತೆ.

ಬಿಗಿತ ಪೂರ್ತಿ ಹೋಗಲೇಬೇಕೆಂದು ಹಟ ಹಿಡಿಯಬೇಡಿರಿ. ಶಕ್ತಿಯಿಲ್ಲದ ಕಾಲು ಕೆಲವೊಮ್ಮೆ ಆ ಬಿಗಿತದ ಆಸರೆಯಿಂದಲೇ ನಿಂತಿರುತ್ತದೆ. ಆದ್ದರಿಂದ ವೈದ್ಯರ ಮುಂದೆ 'ಕಾಲು ಬಿಗಿ' ಎಂದಷ್ಟೇ ಹೇಳದೆ, ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನು ಹೇಳಿರಿ. ಬನಹಟ್ಟಿಯ ನೇಕಾರರು ಮಗ್ಗದ ಮುಂದೆ ನಿಲ್ಲಲಾಗದ್ದನ್ನು, ಜಮಖಂಡಿ, ಮುಧೋಳದ ರೈತರು ಹೊಲದ ಬದುವಿನಲ್ಲಿ ಎಡವುವುದನ್ನು ಹೇಳಿದರೆ ಚಿಕಿತ್ಸೆಯ ಗುರಿ ಸಿಗುತ್ತದೆ.

ಬಿಗಿತ ಒಮ್ಮಿಂದೊಮ್ಮೆಲೇ ಹೆಚ್ಚಿದರೆ ಪಾದದ ಹುಣ್ಣು, ಮಲಬದ್ಧತೆ, ಉರಿಮೂತ್ರ ಇವೆಯೇ ನೋಡಿ, ತಡಮಾಡದೆ ತೋರಿಸಿರಿ.