ಕಳ್ಳ, ಪತ್ತೇದಾರ ಮತ್ತು ಸತ್ಯ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಳ್ಳನ ಕತೆಯೆಂದರೆ ಕಿವಿ ನಿಮಿರದ ಮಕ್ಕಳುಂಟೆ? ಈ ವಿಷಯದಲ್ಲಿ ಹಿರಿಯರಾದ ನಾವೂ ಮಕ್ಕಳೇ. ಆದುದರಿಂದ ಅಮೆರಿಕದ ಸ್ಟೀವನ್ ಸ್ಪೀಲ್‌ಬರ್ಗ್ 2002ರಲ್ಲಿ ನಿರ್ದೇಶಿಸಿದ ‘ಕ್ಯಾಚ್ ಮಿ ಇಫ್ ಯು ಕ್ಯಾನ್’ ಎಂಬ ಚಲಚ್ಚಿತ್ರದ ಕುರಿತು ನಾಲ್ಕು ಮಾತುಗಳನ್ನಾಡಬಯಸುತ್ತೇನೆ. ‘ಕೈಲಾದರೆ ನನ್ನನ್ನು ಹಿಡಿ’ ಎಂಬುದು ಆ ಹೆಸರಿನ ತಾತ್ಪರ್ಯ.

ಕತೆ ನಡೆಯುವುದು 1960ರ ದಶಕದಲ್ಲಿ. ಫ್ರಾಂಕ್ ಅಬಾಗ್ನೇಲ್ ಎಂಬ ಹದಿಹರೆಯದ ಹುಡುಗ ಮನೆ ಬಿಟ್ಟು ಓಡಿಹೋಗುತ್ತಾನೆ. ವಿಮಾನ ಚಾಲಕನ ಸಮವಸ್ತ್ರ ತೊಟ್ಟು ಜನರನ್ನು ನಂಬಿಸುತ್ತಾನೆ. ಮುಂದೆ ವೈದ್ಯನಾಗುತ್ತಾನೆ, ವಕೀಲನಾಗುತ್ತಾನೆ. ಅವನ ಆಯುಧ ಕತ್ತಿಯಲ್ಲ, ಖೋಟಾ ಚೆಕ್ಕು. ಚೆಕ್ಕಿನ ಅಡಿಯಲ್ಲಿ ಅಚ್ಚಾದ ಅಂಕಿಗಳು ಅದು ಎಲ್ಲಿಗೆ ಹೋಗಬೇಕೆಂಬುದನ್ನು ಸೂಚಿಸುತ್ತವೆ. ಅವನ್ನು ಬದಲಿಸಿದರೆ ಚೆಕ್ಕು ದೇಶದ ಇನ್ನೊಂದು ಮೂಲೆಗೆ ಅಲೆಯುತ್ತದೆ; ಮೋಸ ಬಯಲಾಗುವಷ್ಟರಲ್ಲಿ ಮೋಸಗಾರ ಊರು ಬಿಟ್ಟಿರುತ್ತಾನೆ.

ಅವನನ್ನು ಬೆನ್ನಟ್ಟುವವನು ಕಾರ್ಲ್ ಹ್ಯಾನ್‌ರಾಟಿ ಎಂಬ ಸರಕಾರಿ ಪತ್ತೇದಾರ. ಠೀವಿಯಿಲ್ಲ, ಮಾತಿನ ಮೋಡಿಯಿಲ್ಲ, ಇರುವುದು ತಾಳ್ಮೆಯೊಂದೇ. ಕ್ರಿಸ್‌ಮಸ್ಸಿನ ಮುನ್ನಾ ರಾತ್ರಿ ಕಳ್ಳನು ತಾನಾಗಿಯೇ ಟೆಲಿಫೋನು ಮಾಡಿದಾಗ, ಇವನಿಗೆ ಮಾತನಾಡಲು ಬೇರಾರೂ ಇಲ್ಲವೆಂಬುದು ಪತ್ತೇದಾರನಿಗೆ ಅರಿವಾಗುತ್ತದೆ. ಕಳ್ಳನು ಇಟ್ಟುಕೊಂಡಿದ್ದ ಬ್ಯಾರಿ ಆಲೆನ್ ಎಂಬ ಹೆಸರು ಕಾಮಿಕ್ ಪುಸ್ತಕದ ನಾಯಕನದೆಂದು ಉಪಾಹಾರಗೃಹದ ಮಾಣಿಯೊಬ್ಬ ಹೇಳಿದಾಗ, ತಾನು ಅಟ್ಟುತ್ತಿರುವುದು ಒಬ್ಬ ಹುಡುಗನನ್ನೆಂದು ಹೊಳೆಯುತ್ತದೆ. ವೇಷಗಳು ಹಲವು, ಹಬ್ಬಕ್ಕೆ ಕರೆಯುವ ಮನೆ ಮಾತ್ರ ಒಂದೂ ಇಲ್ಲ!

ಚಿತ್ರ ಸೊಗಸಾಗಿದೆ. ಆದರೆ ನಿಜವೇ? ಅಬಾಗ್ನೇಲನು 1980ರಲ್ಲಿ ಪ್ರಕಟಿಸಿದ ಆತ್ಮಕಥೆಯೇ ಅದಕ್ಕೆ ಆಧಾರ. ಆಲನ್ ಲೋಗನ್ ಎಂಬ ಲೇಖಕರು ಹಳೆಯ ಕಡತಗಳನ್ನು ಶೋಧಿಸಿ 2020ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಸೆರೆಮನೆಯ ದಾಖಲೆಯಂತೆ, 1965ರ ಜುಲೈಯಿಂದ 1968ರ ಡಿಸೆಂಬರಿನವರೆಗೆ ಆತನು ನ್ಯೂಯಾರ್ಕ್ ರಾಜ್ಯದ ಗ್ರೇಟ್ ಮೆಡೋ ಕಾರಾಗೃಹದಲ್ಲಿದ್ದನು. ದೇಶವನ್ನೆಲ್ಲ ಬೆರಗುಗೊಳಿಸಿದೆನೆಂದು ಹೇಳಿಕೊಂಡ ಕಾಲದ ಬಹುಭಾಗ ಕಂಬಿಗಳ ಹಿಂದೆಯೇ ಕಳೆದಿತ್ತು. ಬಿಡುಗಡೆಯ ಬಳಿಕ, 1969ರಲ್ಲಿ, ಲೂಸಿಯಾನಾದಲ್ಲಿ ತನ್ನನ್ನು ನಂಬಿ ಆದರಿಸಿದ ಕುಟುಂಬದ ಚೆಕ್ಕುಗಳನ್ನೇ ಕದ್ದು ಶಿಕ್ಷೆಗೆ ಗುರಿಯಾದನು. ಆ ಮನೆಯವರ ದುಃಖ ತೆರೆಯ ಮೇಲೆ ಕಾಣುವುದಿಲ್ಲ.

ವಿದ್ಯಾರ್ಥಿಗಳೇ, ಚೆಕ್ಕಿಗಿಂತ ದೊಡ್ಡ ಖೋಟಾ ಆ ಕತೆಯೇ ಆಗಿತ್ತು. ಅದನ್ನು ಹಿಡಿದ ಪತ್ತೇದಾರನ ಕೈಯಲ್ಲಿ ಪಿಸ್ತೂಲಿರಲಿಲ್ಲ, ಕಡತಗಳಿದ್ದವು. ಇಂದು ‘ಇದು ನಡೆದದ್ದೇ’ ಎಂಬ ಕತೆಗಳು ಮೊಬೈಲಿನಲ್ಲಿ ಗಳಿಗೆಗೊಂದು ಬರುತ್ತಿವೆ. ಹೇಳಿದವರು ಯಾರು, ಯಾವ ವರ್ಷ, ಬರೆದಿಟ್ಟದ್ದು ಎಲ್ಲಿ ಎಂದು ಕೇಳಿರಿ. ಪೋಷಕರೇ, ಮಕ್ಕಳು ಹಾಗೆ ಕೇಳಿದಾಗ ಗದರಿಸಬೇಡಿರಿ. ಚಿತ್ರವನ್ನು ನೋಡಿ ನಲಿಯೋಣ. ಆದರೆ ನಂಬುವ ಮುನ್ನ ವಿಚಾರಿಸೋಣ.