ತೀರಿಸಲಾರದವನು, ತೀರಿಸದವನು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



2023ರ ನವೆಂಬರ್‌ನಲ್ಲಿ ಗಂಗೊಳ್ಳಿ ಬಂದರಿನಲ್ಲಿ ದೋಣಿಗಳು ಸುಟ್ಟು ಕರಕಲಾದುದನ್ನು ತಾವು ಬಲ್ಲಿರಿ. ದೋಣಿ ಸುಟ್ಟರೂ ಅದರ ಮೇಲೆ ಸಾಲವಿದ್ದರೆ ಅದು ಸುಡುವುದಿಲ್ಲ. ಹೀಗೆ ಮುಳುಗಿದವನನ್ನೂ, ಹಣವಿದ್ದೂ ಕೈಯೆತ್ತುವವನನ್ನೂ ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ನಾವು ಒಂದೇ ಮಾತಿನಲ್ಲಿ 'ಪಾಪರ್' ಎಂದುಬಿಡುತ್ತೇವೆ. ಇದು ನ್ಯಾಯವೇ?

ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 280ನೇ ವಚನವು ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಅವಧಿ ಕೊಡಲು ಹೇಳುತ್ತದೆ. ಬಿಟ್ಟುಕೊಟ್ಟರೆ ಇನ್ನೂ ಉತ್ತಮ. ಝಕಾತಿನ ಎಂಟು ವರ್ಗದ ಹಕ್ಕುದಾರರಲ್ಲಿ ಸಾಲಗಾರನೂ ಇದ್ದಾನೆ. ಪ್ರವಾದಿಯವರು (ಸ) ಅನ್ಯಾಯವೆಂದದ್ದು ಉಳ್ಳವನು ಸಾಲ ಮುಂದೂಡುವುದನ್ನು.

ದೇಶದ ಕಾನೂನೂ ಇದೇ ಭೇದ ಮಾಡುತ್ತದೆ. 2016ರ ಹೊಸ ದಿವಾಳಿ ಸಂಹಿತೆಯ ವೈಯಕ್ತಿಕ ಭಾಗ 2019ರಲ್ಲಿ ಜಾರಿಯಾದದ್ದು ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮ್ಮಂಥವರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅದರಂತೆ ನ್ಯಾಯಾಲಯ ಆಸ್ತಿಯನ್ನು ವಶಕ್ಕೆ ಪಡೆದು ಸಾಲ ಕೊಟ್ಟವರಿಗೆಲ್ಲ ಪಾಲು ಹಂಚಿಸುತ್ತದೆ. ಮೊದಲು ಬಂದು ಗದರಿಸಿದವನೇ ಎಲ್ಲವನ್ನೂ ಹೊತ್ತೊಯ್ಯುವುದು ತಪ್ಪುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಕಸುಬಿನ ಹತ್ಯಾರಗಳನ್ನು ಮುಟ್ಟುವಂತಿಲ್ಲ. ಜೂಜು, ದುಂದುವೆಚ್ಚ, ವಂಚನೆಯಿಂದ ಮುಳುಗಿದವನಿಗೆ ಪೂರ್ಣ ಬಿಡುಗಡೆ ಸಿಗದು.

ಆದರೆ ಸಾಲಗಾರ ಬಿಡುಗಡೆಯಾದರೂ ಅವನಿಗೆ ಜಾಮೀನು ನಿಂತವನು ಬಿಡುಗಡೆಯಾಗುವುದಿಲ್ಲ. ಭಾವನೆಂದೋ ಸ್ನೇಹಿತನೆಂದೋ ಕಾಗದಕ್ಕೆ ರುಜು ಹಾಕಿದವನ ಬಾಗಿಲಿಗೇ ಬ್ಯಾಂಕಿನವರು ಬರುತ್ತಾರೆ. ಕಾಯ್ದೆಯ ಈ ಭಾಗ ಮಾತ್ರ ನನಗೆ ಸರಿ ಕಾಣದು.