ಹಲ್ಲಿನ ಕುರ್ಚಿ ಮತ್ತು ತಿಂಗಳ ಖರ್ಚು

(ಭೋರ್‌ನಲ್ಲಿ ಸೇರಿದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸಂಘದ ನಿಧಿಯ ಒಂದು ಪಾಲನ್ನು ಬಡವರ ದಂತ ಚಿಕಿತ್ಸಾಲಯಕ್ಕೆ ಮೀಸಲಿಡಬೇಕೆಂದು ನಾನು ಸೂಚಿಸಿದಾಗ ಕೆಲವರು ನಕ್ಕರು. ನಗುವುದಕ್ಕೂ ಹಲ್ಲು ಬೇಕಷ್ಟೆ.

ಪುಣೆಯ ಸುತ್ತಲಿನ ಕಟ್ಟಡಗಳಲ್ಲಿ ಕಲ್ಲು ಹೊರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ನಮ್ಮವರಿದ್ದಾರೆ. ಹಲ್ಲು ನೋಯ್ದರೆ ಅವರು ಲವಂಗ ಕಚ್ಚುತ್ತಾರೆ, ಇಲ್ಲವೆ ನೋವಿನ ಗುಳಿಗೆ ನುಂಗುತ್ತಾರೆ. ಒಂದು ದಿನದ ಕೂಲಿ ಬಿಟ್ಟು ವೈದ್ಯರಲ್ಲಿಗೆ ಹೋಗುವುದು ಕೊನೆಯ ಮಾತು. ಹೆಂಗಸರು ಹುರಿದ ತಂಬಾಕಿನ ಮಿಶ್ರಿಯನ್ನು ಒಸಡಿಗೆ ತಿಕ್ಕುವ ರೂಢಿ ಈ ಸೀಮೆಯಲ್ಲಿ ಹಳೆಯದು. ತಂಬಾಕಿನಿಂದ ಬಾಯಲ್ಲಿ ಮೂಡುವ ಬಿಳಿಯ ಮಚ್ಚೆಯನ್ನು ಮೊದಲು ಕಾಣಬಲ್ಲವನು ದಂತವೈದ್ಯ. ಅವನ ಬಾಗಿಲಿಗೇ ಹೋಗದವರಿಗೆ ಕ್ಯಾನ್ಸರು ತಿಳಿಯುವುದು ತಡವಾಗಿ.

ವಿಮೆಯಿದೆಯಲ್ಲ ಎಂದು ಕೇಳುವಿರಿ. 2018ರ ಆಯುಷ್ಮಾನ್ ಭಾರತ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಕೊಡುತ್ತದೆ, ನಿಜ. ಆದರೆ ಅದು ಆಸ್ಪತ್ರೆಯಲ್ಲಿ ಮಲಗುವವರಿಗೆ. ಹುಳುಕು ತುಂಬಿಸಿಕೊಳ್ಳಲು ಯಾರೂ ಮಲಗುವುದಿಲ್ಲ. ಕರ್ನಾಟಕ ಸರಕಾರ 2014ರಲ್ಲಿ ಆರಂಭಿಸಿದ ದಂತಭಾಗ್ಯ ಯೋಜನೆ ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಿಸುವಂಥದು. ಒಳ್ಳೆಯ ಯೋಜನೆ. ಆದರೆ ಅದು ಕರ್ನಾಟಕದ ಪಡಿತರ ಚೀಟಿಯುಳ್ಳವರಿಗೆ. ಚೀಟಿಯನ್ನು ಇಲ್ಲಿಗೆ ಬದಲಿಸಿಕೊಂಡ ನಮ್ಮ ಅಜ್ಜನಿಗಲ್ಲ. ನಾಡು ಬಿಟ್ಟವನ ಬಾಯಿ ಎರಡು ರಾಜ್ಯಗಳ ಲೆಕ್ಕದಿಂದಲೂ ಹೊರಗೆ.

ಹಾಗಾದರೆ ಹಣವೆಲ್ಲಿಂದ? ಕುರ್ಚಿಗೆ ದಾನಿಗಳು ಸಿಗುತ್ತಾರೆ, ಅದರ ಮೇಲೆ ಹೆಸರು ಕೆತ್ತಿಸಬಹುದು. ಕೈಗವಸು, ಅರಿವಳಿಕೆಯ ಚುಚ್ಚುಮದ್ದು, ಉಪಕರಣಗಳನ್ನು ಕ್ರಿಮಿಮುಕ್ತಗೊಳಿಸುವ ವಿದ್ಯುತ್ತು, ಸಹಾಯಕಿಯ ಸಂಬಳ – ಇವುಗಳ ಮೇಲೆ ಹೆಸರು ಕೆತ್ತಲು ಬರುವುದಿಲ್ಲ. ಧರ್ಮಾರ್ಥ ದವಾಖಾನೆಗಳು ಸೊರಗುವುದು ಇಲ್ಲಿಯೇ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ಆ ಹಣವನ್ನು ಪಡೆದು ಕೆಲಸ ನಡೆಸುವ ಸಂಸ್ಥೆಗಳು 2021ರ ಏಪ್ರಿಲ್‌ನಿಂದ ಕೇಂದ್ರದಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ನಮ್ಮ ಸಂಘ ಮೊದಲು ಆ ಅರ್ಜಿ ತುಂಬಲಿ. ಪುಣೆಯ ದಂತ ಕಾಲೇಜೊಂದರ ಕಿರಿಯ ವೈದ್ಯರನ್ನು ವಾರಕ್ಕೆರಡು ದಿನ ಕಳಿಸಿಕೊಡುವಂತೆ ಬೇಡೋಣ. ರೋಗಿಯಿಂದ ಹತ್ತಿಪ್ಪತ್ತು ರೂಪಾಯಿ ಪಡೆಯುವುದೂ ಲೇಸು. ಕೊಟ್ಟವನಿಗೆ ಕೇಳುವ ಹಕ್ಕಿರುತ್ತದೆ. ಮರಾಠಿಯ ನೆರೆಯವರಿಗೂ ಬಾಗಿಲು ತೆರೆದಿರಬೇಕೆಂಬುದನ್ನು ಹೇಳಬೇಕಾಗಿಲ್ಲ.

ಖಜಾಂಚಿಯವರ ಮೇಜಿನ ಮೇಲೆ ಒಂದು ವಹಿಯಿದೆ. ಒಂದೇ ಸಲದ ದೊಡ್ಡ ಮೊತ್ತವನ್ನಲ್ಲ, ಪ್ರತಿ ತಿಂಗಳೂ ಕೊಡಬಲ್ಲ ಸಣ್ಣ ಮೊತ್ತವನ್ನು ಅದರಲ್ಲಿ ಬರೆಯಿರಿ.